ಒತ್ತಿದ ಗಾಜಿನಲ್ಲಿ ಬಣ್ಣ ಕಂಡವರು

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಒಂಬತ್ತನೆಯ ತರಗತಿ. ಮೊದಲ ಮೂರು ಪಾಠಗಳಲ್ಲಿ ಬಾಯಿ ಒಣಗಿ, ಪಾಠ ಯೋಜನೆಯನ್ನು ನೋಡಿಕೊಂಡೇ ಓದಿದ್ದೆ. ನಾಲ್ಕನೆಯದಕ್ಕೆ ಒಬ್ಬ ವಿಜ್ಞಾನಿಯ ಜೀವನ ಹೇಳಬೇಕಿತ್ತು. ಡೇವಿಡ್ ಬ್ರೂಸ್ಟರ್ ಅವರನ್ನು ಆರಿಸಿಕೊಂಡೆ. ಕಾರಣ ಸ್ವಲ್ಪ ಸ್ವಂತದ್ದೇ.

ಅವರು ಹುಟ್ಟಿದ್ದು 1781ರಲ್ಲಿ, ಸ್ಕಾಟ್ಲೆಂಡಿನ ಜೆಡ್‌ಬರೊದಲ್ಲಿ. ತಂದೆ ಶಾಲಾ ಮುಖ್ಯಸ್ಥರು. ಮಗ ಪಾದ್ರಿಯಾಗಲೆಂದು ಹನ್ನೆರಡನೆಯ ವಯಸ್ಸಿಗೇ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಕಳಿಸಿದರು. 1804ರಲ್ಲಿ ಉಪದೇಶ ಮಾಡುವ ಪರವಾನಗಿಯೂ ಸಿಕ್ಕಿತು. ಆದರೆ ಜನರೆದುರು ನಿಂತರೆ ವಿಪರೀತ ಅಳುಕು. ಕೊನೆಗೆ ಅದನ್ನು ಬಿಟ್ಟು ಪತ್ರಿಕೆ, ವಿಶ್ವಕೋಶಗಳ ಸಂಪಾದನೆಯಿಂದ ಜೀವನ ನಡೆಸುತ್ತ ಬೆಳಕಿನ ಪ್ರಯೋಗಕ್ಕೆ ತೊಡಗಿದರು.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿದೆ: ಕಟ್ಟಿಗೆಯನ್ನು ಉದ್ದಕ್ಕೆ ಸೀಳುವುದೂ ಅಡ್ಡಕ್ಕೆ ಕಡಿಯುವುದೂ ಒಂದೇ ಏನು? ಅಲ್ಲ ಎಂದರು. ಗಾಜು ಹಾಗಲ್ಲ, ಯಾವ ದಿಕ್ಕಿನಿಂದ ನೋಡಿದರೂ ಅದರ ಗುಣ ಒಂದೇ. ಇಂಥದ್ದು ಸಮದೈಶಿಕ ವಸ್ತು. ಕ್ಯಾಲ್ಸೈಟ್ ಹರಳನ್ನು ಅಕ್ಷರದ ಮೇಲಿಟ್ಟರೆ ಅಕ್ಷರ ಎರಡಾಗಿ ಕಾಣುತ್ತದೆ, ಗಾಜಿನಡಿ ಒಂದೇ.

1815ರ ಸುಮಾರಿಗೆ ಬ್ರೂಸ್ಟರ್ ಗಾಜನ್ನು ಒತ್ತಿ, ಧ್ರುವೀಕೃತ ಬೆಳಕಿನಲ್ಲಿ ನೋಡಿದರು. ಬಣ್ಣಗಳು ಕಂಡವು. ಒತ್ತಿದ ದಿಕ್ಕಿನಲ್ಲಿ ಬೆಳಕಿನ ವೇಗ ಒಂದು, ಅಡ್ಡ ದಿಕ್ಕಿನಲ್ಲಿ ಇನ್ನೊಂದು: ಗಾಜೂ ಆ ಹರಳಿನಂತಾಗಿತ್ತು. ಒತ್ತಡ ತೆಗೆದರೆ ಬಣ್ಣ ಮಾಯ. ಕಮಾನು ಸೇತುವೆಯ ಗಾಜಿನ ಮಾದರಿ ಮಾಡಿದರೆ ಭಾರ ಎಲ್ಲಿ ಬೀಳುತ್ತದೆಂದು ಕಣ್ಣಿಗೇ ಕಾಣಬಹುದೆಂದೂ ಅವರಿಗೆ ಹೊಳೆಯಿತು. ಇದನ್ನೆಲ್ಲ ನಾವು ಇಂದು ಬೆಳಕಿನ ಅಲೆಗಳಿಂದ ವಿವರಿಸುತ್ತೇವೆ. ಅವರಿಗೆ ಮಾತ್ರ ಅಲೆಯ ಸಿದ್ಧಾಂತ ಕೊನೆಗೂ ಒಪ್ಪಿಗೆಯಾಗಲಿಲ್ಲ!

ಪ್ರಯೋಗಕ್ಕೆ ಕಂಪ್ಯೂಟರ್ ಕೋಣೆಯ ಎಲ್‌ಸಿಡಿ ಪರದೆಯನ್ನು ಬಿಳಿಯಾಗಿಸಿ, ಗೆಳತಿಯ ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿದೆ. ನಡುವೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಹಿಡಿದು ಬಗ್ಗಿಸಿದಾಗ ಬಣ್ಣದ ಪಟ್ಟೆಗಳು ಸರಿದಾಡಿದವು. ಬಿಟ್ಟ ಮೇಲೂ ಯಾಕೆ ಪೂರ್ತಿ ಹೋಗಲಿಲ್ಲ ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಚ್ಚಿನಲ್ಲಿ ತಣಿಯುವಾಗ ಉಳಿದುಕೊಂಡ ಒತ್ತಡ ಒಳಗೇ ಇರುತ್ತದೆ, ಬೇಗ ತಣಿಸಿದ ಗಾಜಿನಲ್ಲೂ ಬ್ರೂಸ್ಟರ್ ಇದನ್ನೇ ಕಂಡಿದ್ದರು ಎಂದು ಹೇಳಿದೆ. ಹೇಳಿ ಮುಗಿದ ಮೇಲೆ ಗೊತ್ತಾಯಿತು, ಪುಸ್ತಕ ಮೇಜಿನ ಮೇಲೇ ಉಳಿದಿತ್ತು.

ಅವರ ಕೆಲಿಡೋಸ್ಕೋಪ್, 1817ರ ಪೇಟೆಂಟ್, ಅದನ್ನು ನಕಲು ಮಾಡಿ ಮಾರಿದವರ ಕಥೆ ಹೇಳುವುದಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.