ಎರೆಹುಳುವಿನ ಉಳುಮೆಯನ್ನು ಅಳೆದ ಚಾರ್ಲ್ಸ್ ಡಾರ್ವಿನ್

ಜೀವವಿಕಾಸ ಸಿದ್ಧಾಂತದ ಪ್ರವರ್ತಕರೆಂದು ಜಗತ್ತು ಬಲ್ಲ ಚಾರ್ಲ್ಸ್ ಡಾರ್ವಿನ್ ಅವರು ನಲವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಎರೆಹುಳುವಿನ ಕಾರ್ಯವನ್ನು ಅಭ್ಯಸಿಸಿದರೆಂಬುದು ಅನೇಕರಿಗೆ ತಿಳಿಯದು. ಹುಲ್ಲುಹಾಸು ಹಾಗೂ ಹುಲ್ಲುಗಾವಲುಗಳನ್ನು ಸಾವಯವ ವಿಧಾನದಲ್ಲಿ ಪೋಷಿಸುವವರಿಗೆ ಈ ಅಧ್ಯಯನವೇ ಅವರ ಬಹುಮುಖ್ಯ ಕೊಡುಗೆ.

ಡಾರ್ವಿನ್ ಅವರು 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದರು. ಬೀಗಲ್ ಹಡಗಿನಲ್ಲಿ ಐದು ವರ್ಷ ಲೋಕ ಸುತ್ತಿ 1836ರಲ್ಲಿ ತಾಯ್ನಾಡಿಗೆ ಮರಳಿದರು. ಮರುವರ್ಷ ಸೋದರಮಾವ ಜೊಸಾಯ ವೆಜ್‌ವುಡ್ ಅವರು ತಮ್ಮ ಹುಲ್ಲುಗಾವಲನ್ನು ಅವರಿಗೆ ತೋರಿಸಿದರು. ಕೆಲವು ವರ್ಷಗಳ ಹಿಂದೆ ಮೇಲೆ ಹರಡಿದ್ದ ಸುಣ್ಣ ಮತ್ತು ಕಲ್ಲಿದ್ದಲಿನ ಕಿಟ್ಟ ನೆಲದೊಳಗೆ ಕೆಲವು ಅಂಗುಲ ಕೆಳಗೆ ಪದರವಾಗಿ ಕುಳಿತಿದ್ದವು. ಎರೆಹುಳುಗಳು ಕೆಳಗಿನ ಮಣ್ಣನ್ನು ಹಿಕ್ಕೆಯಾಗಿ ಮೇಲೆ ತಂದು ಹಾಕುವುದೇ ಇದಕ್ಕೆ ಕಾರಣವೆಂದು ಮಾವ ಊಹಿಸಿದ್ದರು. ಡಾರ್ವಿನ್ 1837ರ ನವೆಂಬರ್‌ನಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಈ ವಿಚಾರವನ್ನು ಮಂಡಿಸಿದರು.

1842ರಲ್ಲಿ ಅವರು ಕೆಂಟ್ ಪ್ರಾಂತದ ಡೌನ್ ಗ್ರಾಮದಲ್ಲಿ ನೆಲೆಸಿದರು. ಅನಾರೋಗ್ಯ ಅವರನ್ನು ಬಿಡದೆ ಕಾಡಿತು. ಮನೆಯಂಗಳ, ಹುಲ್ಲುಹಾಸು ಮತ್ತು ನೆರೆಯ ಹೊಲಗಳೇ ಅವರ ಪ್ರಯೋಗಶಾಲೆಯಾದವು. ಮೂರು ಅಡಿ ಉದ್ದ, ಎರಡು ಅಡಿ ಅಗಲದ ತುಂಡುನೆಲವನ್ನು ಅಗೆದು ಹಸನುಗೊಳಿಸಿ, ಮೊಳೆತ ಕಳೆಗಳನ್ನು ಎಣಿಸಿದರು. 357 ಸಸಿಗಳಲ್ಲಿ 295 ಸಸಿಗಳು ಮುಖ್ಯವಾಗಿ ಗೊಂಡೆಹುಳು ಹಾಗೂ ಕೀಟಗಳಿಗೆ ಆಹುತಿಯಾದವು. ಬಹುಕಾಲ ಕತ್ತರಿಸುತ್ತ ಬಂದಿದ್ದ ಹುಲ್ಲುಹಾಸಿನ ಚಿಕ್ಕ ಭಾಗವೊಂದನ್ನು ಕತ್ತರಿಸದೆ ಬಿಟ್ಟಾಗ, ಅಲ್ಲಿದ್ದ 20 ಜಾತಿಯ ಸಸ್ಯಗಳಲ್ಲಿ 9 ಜಾತಿಗಳು ಬಲಿಷ್ಠ ಸಸ್ಯಗಳ ಪೈಪೋಟಿಗೆ ಸೋತು ನಾಶವಾದವು.

ಅದೇ 1842ರ ಡಿಸೆಂಬರ್‌ನಲ್ಲಿ ಮನೆಯ ಸಮೀಪದ ಹೊಲವೊಂದರಲ್ಲಿ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿದರು. ಫಲಿತಾಂಶಕ್ಕಾಗಿ ಅವರು ಕಾದದ್ದು 29 ವರ್ಷ. ಈ ನಡುವೆ, 1869ರಲ್ಲಿ, ಇಷ್ಟು ದುರ್ಬಲವಾದ ಚಿಕ್ಕ ಜೀವಿ ಅಷ್ಟು ದೊಡ್ಡ ಕೆಲಸ ಮಾಡಲಾರದೆಂದು ತೋಟಗಾರಿಕಾ ಲೇಖಕರೊಬ್ಬರು ಆಕ್ಷೇಪಿಸಿದರು. 1871ರ ನವೆಂಬರ್‌ನಲ್ಲಿ ಆ ಹೊಲವನ್ನು ಅಗೆಸಿದಾಗ ಬಿಳಿಯ ಚೂರುಗಳ ಸಾಲು ಮೇಲ್ಮೈಯಿಂದ 7 ಅಂಗುಲ ಕೆಳಗೆ ಕಂಡಿತು. ವರ್ಷಕ್ಕೆ ಅಂಗುಲದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊಸ ಮಣ್ಣು ಮೇಲೆ ಕೂಡಿತ್ತು.

ವೃದ್ಧಾಪ್ಯದಲ್ಲಿ ಅವರು ಎರೆಹುಳುಗಳನ್ನು ಕುಂಡಗಳಲ್ಲಿ ಸಾಕಿ, ರಾತ್ರಿ ದೀಪದ ಬೆಳಕಿನಲ್ಲಿ ವೀಕ್ಷಿಸಿದರು. ವಾದ್ಯಗಳ ನಾದಕ್ಕೆ ಅವು ಸ್ಪಂದಿಸಲಿಲ್ಲ. ಕುಂಡವನ್ನು ಪಿಯಾನೋ ಮೇಲಿಟ್ಟು ನುಡಿಸಿದಾಗ ಕಂಪನವನ್ನರಿತು ಬಿಲ ಸೇರಿದವು. ಎಲೆಗಳನ್ನು ಹೆಚ್ಚಾಗಿ ಕಿರಿದಾದ ತುದಿಯಿಂದಲೇ ಬಿಲದೊಳಗೆ ಎಳೆಯುವುದನ್ನೂ ಅವರು ದಾಖಲಿಸಿದರು. ಇಂಗ್ಲೆಂಡಿನ ಹಲವೆಡೆ ವರ್ಷಕ್ಕೆ ಎಕರೆಗೆ ಹತ್ತು ಟನ್ನಿಗೂ ಮಿಕ್ಕಿದ ಒಣಮಣ್ಣು ಎರೆಹುಳುಗಳ ದೇಹದ ಮೂಲಕ ಹಾದುಹೋಗುವುದೆಂದು ಲೆಕ್ಕ ಹಾಕಿದರು. ಈ ಕುರಿತ ಗ್ರಂಥ 1881ರ ಅಕ್ಟೋಬರ್‌ನಲ್ಲಿ ಪ್ರಕಟವಾಗಿ ಕೆಲವೇ ವಾರಗಳಲ್ಲಿ ಸಹಸ್ರಾರು ಪ್ರತಿಗಳು ಮಾರಾಟವಾದವು. ಅದೇ ಅವರ ಕೊನೆಯ ಗ್ರಂಥ. 1882ರ ಏಪ್ರಿಲ್ 19ರಂದು ಅವರು ನಿಧನರಾದರು.

ಹುಲ್ಲುಹಾಸಿನ ಅಂದಗೆಡಿಸುವುವೆಂದು ಎರೆಹುಳುಗಳನ್ನು ಕೊಲ್ಲುವ ರೂಢಿ ಇಂದಿಗೂ ಪೂರ್ಣ ಅಳಿದಿಲ್ಲ. ಡಾರ್ವಿನ್ ಅವರ ಅಧ್ಯಯನವು ಬೇರೆಯೇ ದಾರಿಯನ್ನು ತೋರುತ್ತದೆ. ಹಿಕ್ಕೆಗಳು ಒಣಗಿದ ಮೇಲೆ ಪೊರಕೆಯಿಂದ ಹರಡಿದರೆ ಅವೇ ಗೊಬ್ಬರವಾಗುತ್ತವೆ. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ, ಕತ್ತರಿಸಿದ ಸಣ್ಣ ತುಣುಕುಗಳನ್ನು ಅಲ್ಲಿಯೇ ಬಿಡಬೇಕು. ಜರಡಿ ಹಿಡಿದ ಎರೆಗೊಬ್ಬರವನ್ನಾಗಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನಾಗಲಿ ತೆಳುವಾಗಿ ಹರಡಬೇಕು. ಎರೆಹುಳುಗಳಿಗೆ ಮಾರಕವಾದ ಕೀಟನಾಶಕಗಳನ್ನು ದೂರವಿಡಬೇಕು. ಉಳಿದ ಉಳುಮೆಯನ್ನು ಎರೆಹುಳುಗಳೇ ನಿರ್ವಹಿಸುತ್ತವೆ. ಅದರ ಫಲವನ್ನು ಕಾಣಲು ತಾಳ್ಮೆ ಬೇಕು.