ಹೆರ್ಮನ್ ಮೋಗ್ಲಿಂಗ್ ಅಯ್ಯನವರು

ಅನ್ಯಭಾಷೆಯ ಜನರ ಮಧ್ಯದಲ್ಲಿ ಕೆಲಸಮಾಡಹೋಗುವವನು ಮೊದಲು ಕಲಿಸತಕ್ಕವನೋ ಕಲಿಯತಕ್ಕವನೋ ಎಂಬದು ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ತಮ್ಮ ನಡತೆಯಿಂದಲೇ ಉತ್ತರಕೊಟ್ಟ ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಅವರು 1811ರಲ್ಲಿ ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಲ್ಲಿ ಹುಟ್ಟಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಕಲಿತು, ಬಾಸೆಲ್ ಮಿಶನಿನಿಂದ ಕಳುಹಿಸಲ್ಪಟ್ಟು 1836ರಲ್ಲಿ ಈ ದೇಶಕ್ಕೆ ಬಂದರು. ಇಷ್ಟು ವಿದ್ಯಾವಂತರಾಗಿದ್ದರೂ ಕನ್ನಡದ ಮುಂದೆ ಅವರು ಎಳೆಯ ಶಿಷ್ಯರಂತೆ ಕುಳಿತುಕೊಂಡರು. ಮಂಗಳೂರಿನ ಶಾಲೆಯ ಹುಡುಗರನ್ನು ದೂರದಿಂದ ಆಳದೆ, ಅವರೊಂದಿಗೆ ವಾಸಮಾಡಿ ಅವರ ಊಟವನ್ನೇ ಉಂಡರು. ಹೀಗಿರಲಾಗಿ ಪುಸ್ತಕದಲ್ಲಿ ದೊರೆಯದ ಮಾತಿನ ವರಸೆಯೂ ಜನರ ಮನಸ್ಸಿನ ಒಳಹೊರಗೂ ಅವರಿಗೆ ತಿಳಿದುಬಂದವು.

1843ನೇ ಜುಲೈ 1ರಲ್ಲಿ ಅವರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಇದು ಕನ್ನಡದ ಮೊದಲನೆಯ ವಾರ್ತಾಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಬೆಲೆ ಒಂದು ದುಡ್ಡು. ಅದರಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು, ಪರದೇಶದ ಸುದ್ದಿ, ಕಥೆಗಳು ಇವೆಲ್ಲವುಗಳ ಸಂಗಡ ಪುರಂದರದಾಸರ ಪದಗಳೂ ಇದ್ದವು. ತನ್ನ ಮಾತನ್ನು ಕೇಳಬೇಕೆಂದಿರುವವನು ಮೊದಲು ಪರರ ಹಾಡಿಗೆ ಕಿವಿಗೊಡಬೇಕೆಂಬದನ್ನು ಅವರು ಚೆನ್ನಾಗಿ ಅರಿತಿದ್ದರು. 1848ರಿಂದ 1853ರ ವರೆಗೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವುಗಳನ್ನು ಓಲೆಗರಿಗಳಿಂದ ಎತ್ತಿ ಅಚ್ಚಿಗೆ ತಂದರು. ಇವು ತಮ್ಮ ಮತದ ಗ್ರಂಥಗಳಲ್ಲವೆಂದು ಬದಿಗೆ ಸರಿಸಲಿಲ್ಲ.

ಆದರೂ ಅವರ ದಾರಿ ಸುಗಮವಾಗಿರಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯೌವನಸ್ಥನು ದೀಕ್ಷಾಸ್ನಾನವನ್ನು ಹೊಂದಿದಾಗ ಮನೆಯವರಿಗೆ ದುಃಖವೂ ಪಟ್ಟಣದಲ್ಲಿ ದೊಡ್ಡ ಗದ್ದಲವೂ ಉಂಟಾದವು. ಎಷ್ಟು ಭಾಷೆ ಬಲ್ಲವನಾದರೂ ಇಂಥ ನೋವನ್ನು ಮಾತಿನಿಂದ ಅಳಿಸಲಾರನು. ಅಯ್ಯನವರು ಆ ಶಿಷ್ಯನನ್ನು ಕೇವಲ ಸಹಾಯಕನಾಗಿ ಇಟ್ಟುಕೊಳ್ಳಲಿಲ್ಲ. ಕೌಂಡಿನ್ಯರು ಬಾಸೆಲಿನಲ್ಲಿ ಅಭ್ಯಾಸಮಾಡಿ, ಐರೋಪ್ಯ ಮಿಶನರಿಗಳ ಸರಿಸಮಾನರಾಗಿ 1851ರಲ್ಲಿ ಹಿಂದಿರುಗಿದರು. ಇನ್ನೊಬ್ಬನನ್ನು ತನ್ನ ಪಕ್ಕದಲ್ಲಿ ಕೂರಿಸುವದು ಅವನಿಗೆ ಉಪದೇಶಿಸುವದಕ್ಕಿಂತ ಕಷ್ಟ. ಆದರೆ ನಿಜವಾದ ನಾಯಕತ್ವವು ಅದೇ.

1853ರಲ್ಲಿ ಅಯ್ಯನವರು ಕೊಡಗಿಗೆ ಹೋಗಿ ಅಲ್ಲಿಯ ಚರಿತ್ರೆಯನ್ನೂ ಪದ್ಧತಿಗಳನ್ನೂ ಕೇಳಿ ತಿಳಿದು, 1855ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಗದ್ದೆಗಳಲ್ಲಿ ಜೀತದಾಳುಗಳಾಗಿದ್ದ ದೀನಜನರಿಗಾಗಿ ಆನಂದಪುರವೆಂಬ ಊರನ್ನು ನೆಲೆಗೊಳಿಸಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಪತ್ನಿಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಮೇಲೆಯೂ ಕನ್ನಡವನ್ನು ಬಿಡದೆ, ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ತಮ್ಮ ಜನರಿಗೆ ಕೇಳಿಸಿದರು. ಹೀಗೆ ಎರಡು ದಿಕ್ಕಿಗೂ ದ್ವಾರವನ್ನು ತೆರೆದವರು 1881ರಲ್ಲಿ ಎಸ್ಲಿಂಗನ್ ಪಟ್ಟಣದಲ್ಲಿ ನಿದ್ರೆಹೋದರು. ಅವರ ಪತ್ರಿಕೆ ಹುಟ್ಟಿದ ಜುಲೈ 1ನೇ ತಾರೀಕು ಕರ್ನಾಟಕದಲ್ಲಿ ಈಗಲೂ ಪತ್ರಿಕಾ ದಿನವಾಗಿದೆ.

ಸಹೋದರರೇ, ನಾವು ಸಮುದ್ರ ದಾಟಿ ಹೋಗಬೇಕಾಗಿಲ್ಲ. ಪಕ್ಕದ ಕೇರಿಯಲ್ಲಿಯೇ ಬೇರೆ ಮಾತು, ಬೇರೆ ಊಟ, ಬೇರೆ ಪದ್ಧತಿ ಇವೆ. ಅಲ್ಲಿಗೆ ಹೋಗುವಾಗ ಬಾಯಿಗಿಂತ ಮೊದಲು ಕಿವಿಯನ್ನು ತೆರೆಯೋಣ, ಅಲ್ಲಿಯವರಿಂದ ಕಲಿಯೋಣ, ಅವರಲ್ಲಿ ಶಕ್ತರಾದವರಿಗೆ ಮುಂದಿನ ಸ್ಥಾನವನ್ನು ಸಂತೋಷದಿಂದ ಬಿಟ್ಟುಕೊಡೋಣ.