ರಾಬರ್ಟ್ ಬ್ರೂಸ್ ಫೂಟ್

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಸುತ್ತಿನ ಹೊಲಗಳ ಕೆಳಗೆ ಪದರ ಪದರವಾಗಿ ಸುಣ್ಣಕಲ್ಲು ಹಾಸಿಕೊಂಡಿದೆ. ನಾಡಿನ ಅಸಂಖ್ಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಇದೇ. ಚಿಂಚೋಳಿಯ ಕಡೆಗೆ ಸಾಗಿದರೆ ಜ್ವಾಲಾಮುಖಿಗಳಿಂದ ಹರಿದು ಗಟ್ಟಿಯಾದ ಕಪ್ಪು ಶಿಲೆ ಈ ಪದರಗಳ ಮೇಲೆ ಹರಡಿರುವುದು ಕಾಣುತ್ತದೆ. ಭೀಮಾ ಶ್ರೇಣಿ ಎಂದು ವಿಲಿಯಂ ಕಿಂಗ್ ಹೆಸರಿಟ್ಟ ಈ ಶಿಲೆಗಳನ್ನು ಶಾಸ್ತ್ರೀಯವಾಗಿ ವಿವರಿಸಿದ ಮೊದಲಿಗರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರೂ ಒಬ್ಬರು.

ಫೂಟ್ ಅವರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ದಕ್ಷಿಣ ಭಾರತಕ್ಕೆ ಬಂದರು. ರೈಲುದಾರಿಗಳು ವಿರಳವಾಗಿದ್ದ ಆ ಕಾಲದಲ್ಲಿ ಹಳ್ಳ, ದಿಣ್ಣೆ, ಬೆಟ್ಟಗಳನ್ನು ಸುತ್ತಿ ಶಿಲೆಗಳ ನಕ್ಷೆ ತಯಾರಿಸುವುದೇ ಅವರ ಕಾಯಕವಾಯಿತು.

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಜಲ್ಲಿಯ ನಡುವೆ ಅವರಿಗೊಂದು ಕಲ್ಲು ದೊರೆಯಿತು. ನೀರಿನ ಸೆಳೆತಕ್ಕೆ ಉರುಳಿದ ಕಲ್ಲು ನುಣುಪಾಗುತ್ತದೆ; ಇದಾದರೋ ಎರಡೂ ಬದಿಗಳಲ್ಲಿ ಚಕ್ಕೆ ತೆಗೆದು ಹರಿತಗೊಳಿಸಿದ್ದು. ಇದು ಆದಿಮಾನವನ ಕೈಗೊಡಲಿ ಎಂದು ಫೂಟ್ ಗುರುತಿಸಿದರು. ಭಾರತದಲ್ಲಿ ಅಷ್ಟು ಪ್ರಾಚೀನ ಕಾಲದಲ್ಲಿ ಮನುಷ್ಯನಿದ್ದನೆಂಬುದಕ್ಕೆ ಅಂದು ಆಧಾರಗಳಿರಲಿಲ್ಲ. ಒಂದೇ ಕಲ್ಲನ್ನು ನಂಬಿ ಇತಿಹಾಸ ಬರೆಯಲಾಗದು. ಆದುದರಿಂದ ಅವರು ಅದೇ ವರ್ಷ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಅಂತಹ ಮತ್ತಷ್ಟು ಉಪಕರಣಗಳನ್ನು ಕಂಡು, ತಮ್ಮ ನಿರ್ಣಯಕ್ಕೆ ಬಲ ತಂದರು.

ಕಲ್ಲಿನಂತೆಯೇ ಹಲ್ಲು ಕೂಡ ಗತಕಾಲದ ಸಾಕ್ಷಿ. ದೇಹದಲ್ಲಿ ಹಲ್ಲಿನ ಹೊರಕವಚದಷ್ಟು ಗಟ್ಟಿಯಾದ ವಸ್ತು ಬೇರೊಂದಿಲ್ಲ. ಶಾರ್ಕ್ ಮೀನಿನ ಅಸ್ಥಿಪಂಜರ ಮೃದ್ವಸ್ಥಿಯಿಂದ ಆದುದು. ಅದು ಬೇಗ ಅಳಿದುಹೋಗುತ್ತದೆ, ಹಲ್ಲು ಮಾತ್ರ ಉಳಿಯುತ್ತದೆ. ಅಂತಹ ಹಲ್ಲುಗಳನ್ನು ಯುರೋಪಿನ ಜನ ಬಹುಕಾಲ ಕಲ್ಲಾದ ನಾಲಗೆಗಳೆಂದು ಭಾವಿಸಿದ್ದರು. ನಿಕೋಲಸ್ ಸ್ಟೆನೊ ಎಂಬ ವಿದ್ವಾಂಸನು ಆಗತಾನೆ ಹಿಡಿದ ಶಾರ್ಕಿನ ತಲೆಯನ್ನು ಸೀಳಿ ನೋಡಿ, ಅವು ಹಲ್ಲುಗಳೇ ಎಂದು 1667ರಲ್ಲಿ ವಾದಿಸಿದನು. ತಿಳಿದುದರೊಡನೆ ತಿಳಿಯದುದನ್ನು ಹೋಲಿಸುವುದೇ ಈ ವಿದ್ಯೆಯ ಗುಟ್ಟು.

ಫೂಟ್ ಅವರೂ ಇದೇ ಮಾರ್ಗವನ್ನು ಹಿಡಿದರು. ಬೆಳಗಾವಿ ಜಿಲ್ಲೆಯ ಗೋಕಾಕದ ಸಮೀಪದಲ್ಲಿ ದವಡೆ ಹಾಗೂ ಹಲ್ಲುಗಳ ಪಳೆಯುಳಿಕೆ ಅವರಿಗೆ ದೊರೆಯಿತು. ಮಾಂಸಾಹಾರಿಯ ಹಲ್ಲು ಸೀಳುವುದಕ್ಕೆ ಚೂಪಾಗಿರುತ್ತದೆ. ಸಸ್ಯಾಹಾರಿಯ ದವಡೆಹಲ್ಲು ಅರೆಯುವುದಕ್ಕೆ ಅಗಲವಾಗಿ, ಏಣುಗಳಿಂದ ಕೂಡಿರುತ್ತದೆ. ದೊರೆತವು ಘೇಂಡಾಮೃಗದ ಹಲ್ಲುಗಳಾಗಿದ್ದವು. ಆಗ ತಿಳಿದಿದ್ದ ಜಾತಿಗಳಿಗಿಂತ ಅದು ಭಿನ್ನವೆಂದು ನಿರ್ಣಯಿಸಿ, 1874ರಲ್ಲಿ ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟರು. ಇಂದು ಭಾರತದಲ್ಲಿ ಅಸ್ಸಾಂ ಮೊದಲಾದ ಉತ್ತರದ ಪ್ರದೇಶಗಳಲ್ಲಿ ಮಾತ್ರ ಕಾಣಸಿಗುವ ಪ್ರಾಣಿಯೊಂದು ಹಿಂದೆ ಕನ್ನಡ ನಾಡಿನಲ್ಲಿಯೂ ಮೇಯುತ್ತಿತ್ತೆಂಬ ಸಂಗತಿ ಹೀಗೆ ಬೆಳಕಿಗೆ ಬಂತು.

1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಪ್ರದೇಶದ ವರದಿಯಲ್ಲಿ ಅವರು ಭೀಮಾ ಶ್ರೇಣಿಯನ್ನೂ ವಿವರಿಸಿದರು. ಆ ಸುಣ್ಣಕಲ್ಲಿನಲ್ಲಿ ಶಾರ್ಕಿನ ಹಲ್ಲನ್ನು ಹುಡುಕಿ ಫಲವಿಲ್ಲ. ಹಲ್ಲುಳ್ಳ ಜೀವಿಗಳು ಹುಟ್ಟುವುದಕ್ಕೆ ಬಹು ಮೊದಲೇ ಅದು ಕಡಲತಳದಲ್ಲಿ ರೂಪುಗೊಂಡಿತು. ಪಳೆಯುಳಿಕೆ ಯಾವ ಪದರದ್ದೆಂಬುದು ಪಳೆಯುಳಿಕೆಯಷ್ಟೇ ಮುಖ್ಯವೆಂಬುದಕ್ಕೆ ಇದೊಂದು ನಿದರ್ಶನ.

1891ರಲ್ಲಿ ನಿವೃತ್ತರಾದ ಮೇಲೂ ಫೂಟ್ ವಿಶ್ರಮಿಸಲಿಲ್ಲ. ಬರೋಡ ಮತ್ತು ಮೈಸೂರು ಸಂಸ್ಥಾನಗಳಿಗಾಗಿ ದುಡಿದರು. ಬಳ್ಳಾರಿಯ ಬೆಟ್ಟಗಳಲ್ಲಿಯೂ ನವಶಿಲಾಯುಗದ ನೆಲೆಗಳನ್ನು ಗುರುತಿಸಿದ್ದರು. ತಾವು ಕೂಡಿಸಿದ ಪ್ರಾಚೀನ ವಸ್ತುಗಳನ್ನು, ದೊರೆತ ಸ್ಥಳಗಳ ವಿವರದೊಡನೆ ಪಟ್ಟಿ ಮಾಡಿದರು. ಆ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. 1912ರಲ್ಲಿ ಅವರು ಕಾಲವಾದರು. ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಅವರನ್ನು ಸ್ಮರಿಸುತ್ತಾರೆ. ದಾರಿಹೋಕರು ದಾಟಿ ಹೋದ ಕಲ್ಲನ್ನೂ ಹಲ್ಲನ್ನೂ ಎತ್ತಿಕೊಂಡು, ಇದು ಏನು, ಎಲ್ಲಿಯದು, ಯಾವ ಕಾಲದ್ದು ಎಂದು ತಾಳ್ಮೆಯಿಂದ ವಿಚಾರಿಸಿದ್ದೇ ಅವರ ಹಿರಿಮೆ.